ಸೊನ್ನೆ ಬಿಟ್ಟ ಕೊತ್ತಂಬರಿ

"ಇನ್ನು ಮೇಲೆ ಈ ಬಿಲ್ಡಿಂಗಿನ ಒಂದು ಮನೆಯವರೂ ಕೊತ್ತಂಬರಿಗೆ ದುಡ್ಡು ಕೊಡಬೇಕಾಗಿಲ್ಲ! ನಾನಿದ್ದೀನಿ!"

ನಮ್ಮ ಬಿಲ್ಡಿಂಗಿನ ಮೀಟಿಂಗಿನಲ್ಲಿ ಎದ್ದು ನಿಂತು ಹೀಗೆ ಗುಡುಗಿದವಳು ಬೇರೆ ಯಾರೂ ಅಲ್ಲ, ಸಾಕ್ಷಾತ್ ನಾನೇ! ಅಲ್ಲಿಯವರೆಗೆ ನನ್ನ ಕೈಯಲ್ಲಿ ಬೆಳೆದ ಸಸ್ಯಸಂಪತ್ತೆಂದರೆ ಈರುಳ್ಳಿ ಬುಟ್ಟಿಯ ತಳದಲ್ಲಿ ನನಗೂ ಹೇಳದೆ ಮೊಳಕೆ ಬಂದಿದ್ದ ಒಂದು ಆಲೂಗಡ್ಡೆ. ಆದರೆ ಗುಡುಗುವುದಕ್ಕೆ ಅನುಭವ ಬೇಕು ಅಂತ ಯಾರೂ ಎಲ್ಲೂ ಹೇಳಿಲ್ಲವಲ್ಲ!

ಜಗಳವೆಲ್ಲ ಟೆರೇಸಿನ ಒಂದು ಮೂಲೆಯದು. ನೀರಿನ ಟ್ಯಾಂಕಿನ ಪಕ್ಕದಲ್ಲಿ ಎರಡು ಮಂಚ ಹಿಡಿಸುವಷ್ಟು ಜಾಗ, ಸಂಜೆ ಟ್ಯಾಂಕಿನ ನೆರಳು, ಕೈಪಿಡಿ ಗೋಡೆಯಾಚೆ ಊರಿಗೆ ಊರೇ ಕಾಣುತ್ತದೆ. ಅದರ ಮೇಲೆ ನಮ್ಮ ಸೆಕ್ರೆಟರಿಯ ಕಣ್ಣು ಬಿದ್ದಿತ್ತು. ಆತ ನಿವೃತ್ತ ಸರ್ವೇಯರು. ಜೇಬಿನಲ್ಲಿ ಟೇಪಿಲ್ಲದೆ ಮನೆಯಿಂದ ಹೊರಗೆ ಕಾಲಿಡದ ಮನುಷ್ಯ. ಬಿಲ್ಡಿಂಗ್ ರಿಪೇರಿಯಲ್ಲಿ ಕಿತ್ತಿಟ್ಟ ಹಳೆಯ ಬಾಗಿಲುಗಳನ್ನೆಲ್ಲ ಅಲ್ಲಿ ಪೇರಿಸಬೇಕೆಂದು ಅಳತೆ ಮಾಡಿ ಸುಣ್ಣದಲ್ಲಿ ಗೆರೆಯನ್ನೂ ಎಳೆದುಬಿಟ್ಟಿದ್ದರು. ನಾನು ಅವರ ಗೆರೆಗೂ ಸೊಪ್ಪು ಹಾಕಲಿಲ್ಲ, ಮಾತಿಗೂ ಸೊಪ್ಪು ಹಾಕಲಿಲ್ಲ. ಸೊಪ್ಪು ಹಾಕುವುದಾದರೆ ಆ ಮೂಲೆಯಲ್ಲೇ ಹಾಕುತ್ತೇನೆ ಅಂತ ಹಟ ಹಿಡಿದೆ.

ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದು ಕೊತ್ತಂಬರಿ ಅಲ್ಲ, ಮೂಲೆ. ನಮ್ಮದು ಎರಡು ಕೋಣೆಯ ಮನೆ. ಮುಂದಿನ ಕೋಣೆ ನನ್ನ ಗಂಡನ ವಾಚ್ ರಿಪೇರಿಯದು. ಒಳಕೋಣೆ ಮಂಚದ್ದು, ಬೀರುವಿನದು, ಮತ್ತು ರಿಪೇರಿಗೆ ಕೊಟ್ಟವರು ಮರೆತೇಹೋದ ಗೋಡೆ ಗಡಿಯಾರಗಳದು. ಅಷ್ಟೊಂದು ಗಡಿಯಾರ ಒಂದೇ ಮನೆಯಲ್ಲಿದ್ದೂ ಸರಿಯಾದ ಟೈಮು ಬೇಕಾದರೆ ನಾನು ಪಕ್ಕದ ಮನೆಯವರನ್ನೇ ಕೇಳಬೇಕು! ನನ್ನದು ಅಂತ ಇದ್ದದ್ದು ಗ್ಯಾಸ್ ಒಲೆಯ ಮುಂದೆ ನಿಲ್ಲುವಷ್ಟು ಜಾಗ, ಅಷ್ಟೇ. ಸಂಜೆ ಆಫೀಸಿನಿಂದ ಬಂದು ಕಾಲು ಚಾಚಿ ಕೂರಲು, ಯಾರ ಟಿಕ್ ಟಿಕ್ಕೂ ಇಲ್ಲದ ಒಂದು ಮೂಲೆ ನನಗೆ ಬೇಕಿತ್ತು. ತುಂಬಾ ಬೇಕಿತ್ತು.

ಸೆಕ್ರೆಟರಿ ಟೇಪನ್ನು ಸರ್ರನೆ ಎಳೆದು, ಸರ್ರನೆ ಒಳಗೆ ಬಿಟ್ಟು ತೀರ್ಪು ಕೊಟ್ಟರು. "ಆಗ್ಲಿ ಮೇಡಂ. ಮುಂದಿನ ಮೀಟಿಂಗಿನ ದಿನ ಪ್ರತಿ ಮನೆಗೂ ಒಂದು ಕಟ್ಟು ಕೊಡಿ. ಮೂಲೆ ನಿಮ್ದು. ಕೊಡ್ಲಿಲ್ಲ ಅಂದ್ರೆ ಬಾಗಿಲುಗಳದು."

"ಕೊಡ್ಲಿಲ್ಲ ಅಂದ್ರೆ ಆ ಬಾಗಿಲುಗಳನ್ನ ನಾನೇ ತಲೆ ಮೇಲೆ ಹೊತ್ತು ತಂದು ಜೋಡಿಸ್ತೀನಿ!" ಅಂದೆ. ಯಾರೂ ಕೇಳಿರಲಿಲ್ಲ. ನನ್ನ ನಾಲಿಗೆಯೇ ಹಾಗೆ, ಒಂದು ಕೇಳಿದರೆ ಎರಡು ಕೊಡುತ್ತದೆ.

ಮನೆಗೆ ಬಂದು ಗಂಡನ ಎದುರು ಪ್ರತಿಜ್ಞೆಯನ್ನು ಇನ್ನೊಮ್ಮೆ, ಕೈ ಎತ್ತಿ, ಮಾಡಿದೆ. ಅವರು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆಯದೆಯೇ "ಹೂಂ" ಅಂದರು.

ಈ "ಹೂಂ" ಬಗ್ಗೆ ಒಂದು ಮಾತು. ನನ್ನ ಗಂಡ ಒಳ್ಳೆಯವರು, ಆದರೆ ಮಾತಿನಲ್ಲಿ ಮಹಾ ಜಿಪುಣರು. ಮದುವೆಯಾದಾಗಿನಿಂದ ನಮ್ಮ ಸಂಸಾರ ನಡೆದಿರುವುದೇ ಆ ಒಂದಕ್ಷರದ ಮೇಲೆ. ಊಟ ಆಯ್ತಾ? ಹೂಂ. ನಾನು ಚೆನ್ನಾಗಿ ಕಾಣ್ತೀನಾ? ಹೂಂ. ಮನೆಗೆ ಬೆಂಕಿ ಬಿದ್ದಿದೆಯಾ? ಹೂಂ. ನಾನೋ, ಆಫೀಸಿನಲ್ಲಿ ಸ್ಟೆನೋ! ಸಾಹೇಬರು ಕೆಮ್ಮಿದರೆ ಅದು ಅಲ್ಪವಿರಾಮವೋ ಪೂರ್ಣವಿರಾಮವೋ ಅಂತ ಹೇಳಬಲ್ಲವಳು. ಬಾಯಿತುಂಬ ಎಲೆಯಡಿಕೆ ಇಟ್ಟುಕೊಂಡವರ ಡಿಕ್ಟೇಶನ್ನನ್ನೂ ಒಂದು ಅಕ್ಷರ ಬಿಡದೆ ಇಳಿಸಿಕೊಂಡವಳು. ನನ್ನ ಕಿವಿಗೆ ಬಿದ್ದ ಮಾತು ತಪ್ಪಾದದ್ದೇ ಇಲ್ಲ ಅಂತ ಆಫೀಸಿಗೆ ಆಫೀಸೇ ಹೇಳುತ್ತಿತ್ತು. ಹೇಳದಿದ್ದಾಗ ನಾನೇ ಹೇಳುತ್ತಿದ್ದೆ.

ಕೃಷಿ ಶುರುವಾಯಿತು. ಕೊತ್ತಂಬರಿ ಬೀಜವನ್ನು ಹಾಗೇ ಬಿತ್ತಬಾರದಂತೆ, ಒಂದನ್ನು ಎರಡು ಹೋಳು ಮಾಡಬೇಕಂತೆ. ನೆಲಕ್ಕೆ ಬೀಜ ಹರಡಿ ಲಟ್ಟಣಿಗೆ ಹಿಡಿದು ಕೂತೆ. ಒತ್ತಿದ ರಭಸಕ್ಕೆ ಅರ್ಧ ಪುಡಿಪುಡಿಯಾಯಿತು, ಇನ್ನರ್ಧ ಉರುಳಿಕೊಂಡು ಗಂಡನ ರಿಪೇರಿ ಮೇಜಿನ ಕೆಳಗೆ ಸೇರಿತು. ಅವರು ವಾಚಿನೊಳಗಿಂದ ಜಾರಿದ ಒಂದು ಸ್ಕ್ರೂ ಹುಡುಕುತ್ತ ನೆಲದ ಮೇಲೆ ಬಿದ್ದುಕೊಂಡಿದ್ದರು. ಸ್ವಲ್ಪ ಹೊತ್ತಿಗೆ ಚಿಮಟದ ತುದಿಯಲ್ಲಿ ಒಂದು ಕಾಳು ಹಿಡಿದು ಅಡಿಗೆಮನೆಗೆ ಬಂದು, "ಇದು ನಿಂದು" ಅಂದು ಕೊಟ್ಟು ಹೋದರು. ಸ್ಕ್ರೂ ಸಿಗಲಿಲ್ಲ. ಬಹುಶಃ ಅದನ್ನೂ ನಾನು ಬಿತ್ತಿರಬೇಕು!

ಕುಂಡ ಸಾಲಲಿಲ್ಲ. ಒಡೆದ ಬಕೆಟ್ಟು, ಬಣ್ಣದ ಡಬ್ಬ, ಹಳೆಯ ಪೆಟ್ಟಿಗೆ, ಎಲ್ಲವೂ ಟೆರೇಸಿಗೆ ಹತ್ತಿದವು. ಮಧ್ಯಾಹ್ನ ಅಲ್ಲಿನ ಸಿಮೆಂಟು ಕಾದ ಹೆಂಚು. ಬರಿಗಾಲಲ್ಲಿ ಹೋದವರು ಕುಣಿದುಕೊಂಡೇ ಬರಬೇಕು. ಈ ಕೊತ್ತಂಬರಿಯೋ, ಸೆಕೆ ತಡೆಯದ ನಾಜೂಕಿನ ಮಹಾರಾಣಿ! ಅದಕ್ಕೆ ಮೇಲೆ ಬೆಡ್‌ಶೀಟಿನ ಚಪ್ಪರ, ಪಕ್ಕಕ್ಕೆ ಕೊಡೆ, ಬೆಳಿಗ್ಗೆ ಸಂಜೆ ಫ್ರಿಜ್ಜಿನ ತಣ್ಣೀರು. ಗಂಡ ಖಾಲಿ ಬಾಟಲಿ ಹಿಡಿದು "ನೀರು?" ಅಂದರೆ ನಾನು "ಟೆರೇಸಿನಲ್ಲಿದೆ!" ಅನ್ನುತ್ತಿದ್ದೆ. ಅವರು ಹೋಗಿ ನಲ್ಲಿಯ ಬಿಸಿನೀರು ಕುಡಿಯುತ್ತಿದ್ದರು. ಸೆಕೆಯಾದರೆ ಗಿಡ ಏನು ಮಾಡುತ್ತದೆ ಅಂತಲೂ ಬೀಜದ ಪೊಟ್ಟಣದ ಹಿಂದೆ ಬರೆದಿತ್ತು. ಆದರೆ ಅಕ್ಷರ ಸಣ್ಣದು, ನನಗೆ ಆತುರ ದೊಡ್ಡದು.

ಕೊನೆಗೂ ಬಂತು! ಹಸಿರು ಹಸಿರಾಗಿ, ಗುಂಡು ಗುಂಡಾಗಿ, ಅಂಚು ಕತ್ತರಿಸಿದ ಹಾಗೆ ಎಲೆ ಮೂಡಿತು. ಒಂದೆಲೆ ಕಿತ್ತು ಗಂಡನ ಮೂಗಿಗೆ ಹಿಡಿದೆ. ಸೆಕ್ರೆಟರಿ ಮೆಟ್ಟಿಲಲ್ಲಿ ಸಿಕ್ಕರೆ ಅವರ ಮೂಗಿಗೂ ಹಿಡಿದೆ. ಮೂಲೆ ನನ್ನ ಕೈಗೆ ಬಂದೇಬಿಟ್ಟಿತು ಅಂತ ಒಂದು ಮುರುಕಲು ಕುರ್ಚಿಗೆ ದಾರ ಸುತ್ತಿಸಿ ರೆಡಿ ಮಾಡಿಟ್ಟುಕೊಂಡೆ.

ಅಷ್ಟರಲ್ಲಿ ಆಫೀಸಿನಿಂದ ಆರ್ಡರು ಬಂತು. ದೂರದ ಶಾಖೆಯಲ್ಲಿ ದೊಡ್ಡ ವಿಚಾರಣೆ, ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳಲು ಕಿವಿ ಚುರುಕಿರುವ ಸ್ಟೆನೋ ಬೇಕು, ತಕ್ಷಣ ಹೊರಡಿ! ಕೆಲವು ವಾರಗಳ ಕೆಲಸ. ಮುಗಿಯುವುದು ಸರಿಯಾಗಿ ನಮ್ಮ ಮೀಟಿಂಗಿನ ಹಿಂದಿನ ದಿನ.

ಹೊರಡುವ ಮುಂಚೆ ಗಂಡನನ್ನು ಟೆರೇಸಿಗೆ ಕರೆದೊಯ್ದು ನಾನೇ ಸಾಹೇಬಳಾಗಿ ಡಿಕ್ಟೇಶನ್ ಕೊಟ್ಟೆ. ನೀರು ಹೇಗೆ, ಕೊಡೆ ಯಾವಾಗ ಯಾವ ಕಡೆ, ಬೆಡ್‌ಶೀಟು ಹಾರಿದರೆ ಏನು, ಬೆಕ್ಕು ಬಂದರೆ ಏನು, ಸೆಕ್ರೆಟರಿ ಬಂದರೆ ಏನು. "ಒಂದೆಲೆ ಕಿತ್ತರೂ ನನಗೆ ಗೊತ್ತಾಗುತ್ತೆ. ಏನೇ ವಿಶೇಷ ಆದ್ರೂ ಫೋನಲ್ಲಿ ಹೇಳ್ಬೇಕು. ಗೊತ್ತಾಯ್ತಾ ರೀ?"

"ಹೂಂ."

ಅಲ್ಲಿ ಹಗಲೆಲ್ಲ ಸಾಕ್ಷಿಗಳ ಮಾತು ಕೇಳಿ ಕೇಳಿ ಕಿವಿ ಕಾದಿರುತ್ತಿತ್ತು. ಸಂಜೆ ಮನೆಗೆ ಫೋನು ಮಾಡಿದರೆ ಆ ಕಡೆಯಿಂದ ಮೊದಲು ಒಂದು ಸೀನು ಬಂತು. ಗಂಡನಿಗೆ ಜೋರು ನೆಗಡಿ, ಮೂಗು ಪೂರ್ತಿ ಕಟ್ಟಿತ್ತು.

"ಕಷಾಯ ಕುಡಿದ್ರಾ?"

"ಕುಡಿದೆ."

"ಕೊತ್ತಂಬರಿ ಹೇಗಿದೆ?"

"ಹೂ."

ಗಮನಿಸಿ! ಅವರು ಅಂದದ್ದು "ಹೂ". ನನ್ನ ಚುರುಕು ಕಿವಿಗೆ ವ್ಯತ್ಯಾಸ ಬಿದ್ದೇ ಇತ್ತು. ಆದರೆ ಮೂಗು ಕಟ್ಟಿದವರ ಬಾಯಲ್ಲಿ ಸೊನ್ನೆ ಎಲ್ಲಿ ಹೊರಡುತ್ತದೆ, ಪಾಪ! ಬಿಟ್ಟುಹೋದ ಸೊನ್ನೆಯನ್ನು ನಾನೇ ಧಾರಾಳವಾಗಿ ಸೇರಿಸಿಕೊಂಡೆ. ಸಾಹೇಬರು ನುಂಗಿದ ಅಕ್ಷರಗಳನ್ನು ಸೇರಿಸಿಕೊಂಡು ಅಭ್ಯಾಸವಲ್ಲವೇ!

"ಚೆನ್ನಾಗಿ ಬಂದಿದೆ ಅನ್ನಿ!"

"ಹೂ. ಬಂದಿದೆ."

"ಎಷ್ಟು?"

"ತುಂಬಾ."

"ಕುಂಡದ ತುಂಬಾನಾ?"

"ಗಿಡದ ತುಂಬಾ."

ನನಗೆ ಆನಂದಬಾಷ್ಪ ಬಂತು. ನನ್ನ ಗಂಡ ಒಂದೇ ಉಸಿರಿಗೆ ಎರಡು ಮಾತಾಡಿದರೆಂದರೆ ಬೆಳೆ ಎಂಥದ್ದಿರಬೇಕು!

ಮರುದಿನ ಕೇಳಿದೆ, "ಏನ್ ರೀ, ಇವತ್ತು ಹೇಗಿದೆ?"

"ಹೂ. ಬಿಡ್ತಾನೇ ಇದೆ."

ಸೊಪ್ಪು ಎಲ್ಲಾದರೂ "ಬಿಡುತ್ತದೆಯೇ" ಅಂತ ಯೋಚಿಸಬೇಕಾದವಳು ನಾನು. ನೆಗಡಿ ಬಂದರೆ ವ್ಯಾಕರಣವೂ ಕಟ್ಟುತ್ತದೇನೋ ಅಂದುಕೊಂಡೆ.

ಇನ್ನೊಂದು ದಿನ ಅವರು ತಾವಾಗಿಯೇ ಬಾಯಿ ತೆರೆದರು. ಇದು ನಮ್ಮ ಸಂಸಾರದಲ್ಲಿ ಚರಿತ್ರಾರ್ಹ ಘಟನೆ! "ಕೊತ್ತಂಬರಿ... ಬಿಳೀ..." ಅಂದು ಮೂರು ಸಲ ಸೀನಿದರು.

"ಬೆಳೀತಾ? ಇನ್ನೂ ಬೆಳೀತಾ? ಬೆಳೀಲಿ ಬಿಡಿ ರೀ, ತಡೀಬೇಡಿ!" ಎಂದು ಕೂಗಿ ಖುಷಿಯಲ್ಲಿ ಫೋನಿಟ್ಟೆ.

ಇಷ್ಟಾದ ಮೇಲೆ ನನ್ನನ್ನು ಹಿಡಿಯುವವರು ಯಾರು! ಬಿಲ್ಡಿಂಗಿನ ವಾಟ್ಸಾಪ್ ಗುಂಪಿಗೆ ಬರೆದೆ: "ಪ್ರತಿ ಮನೆಗೂ ಸೊಪ್ಪು ಒಂದಲ್ಲ, ಎರಡೆರಡು ಕಟ್ಟು! ಯಾರೂ ಹೊರಗೆ ಕೊಳ್ಳಬೇಡಿ. ದೊಡ್ಡ ಚೀಲ ತನ್ನಿ." ಸೆಕ್ರೆಟರಿ ತಕ್ಷಣ ಫೋನು ಮಾಡಿದರು.

"ಮೇಡಂ, ಕಟ್ಟಿನ ಸುತ್ತಳತೆ ಎಷ್ಟಿರುತ್ತೆ?"

"ನಿಮ್ಮ ಟೇಪ್ ಸಾಲಲ್ಲ ಸಾರ್!"

"ಅಷ್ಟೊಂದಾ? ನೋಡಿದೋರು ಯಾರು?"

"ನಮ್ಮೆಜಮಾನ್ರು ದಿನಾ ನೋಡ್ತಿದ್ದಾರೆ. ಅವರು ಉತ್ಪ್ರೇಕ್ಷೆ ಮಾಡೋ ಜನ ಅಲ್ಲ."

ಈ ಕೊನೆಯ ಮಾತು ಮಾತ್ರ ನಾನು ಆ ತಿಂಗಳಲ್ಲಿ ಆಡಿದ ಏಕೈಕ ಸತ್ಯ. ಅಷ್ಟಕ್ಕೂ ನಿಲ್ಲಿಸದೆ ನಮ್ಮ ಬೀದಿಗೆ ಬರುವ ತರಕಾರಿ ಗಾಡಿಯವಳಿಗೂ ಫೋನು ಮಾಡಿದೆ. "ಇನ್ಮೇಲೆ ನಮ್ಮ ಬಿಲ್ಡಿಂಗಿಗೆ ಕೊತ್ತಂಬರಿ ತರ್ಬೇಡಮ್ಮಾ. ನಂದೇ ಬೆಳೆ ಇದೆ." ಅವಳು "ಈ ಸೆಕೇಲಾ ಅಕ್ಕಾ?" ಅಂದಳು. ಹೊಟ್ಟೆಕಿಚ್ಚು ಅಂದುಕೊಂಡೆ.

ಮೀಟಿಂಗಿನ ದಿನ ಬೆಳಿಗ್ಗೆ ಊರಿಗೆ ಬಂದಿಳಿದೆ. ಮನೆಗೂ ಹೋಗದೆ ಸೂಟ್‌ಕೇಸು ಹಿಡಿದೇ ಮೆಟ್ಟಿಲು ಹತ್ತಿದೆ. ನನ್ನ ಹಿಂದೆ ಚೀಲಗಳ ಮೆರವಣಿಗೆ! ಎಲ್ಲರ ಮುಂದೆ ಸೆಕ್ರೆಟರಿ, ಒಂದು ಕೈಯಲ್ಲಿ ಟೇಪು, ಇನ್ನೊಂದರಲ್ಲಿ ಕತ್ತರಿ. ಅವರ ಹಿಂದೆ ಮೊಣಕಾಲು ಹಿಡಿದುಕೊಂಡು ಅವರ ಹೆಂಡತಿ. ಆಕೆ ಟೆರೇಸು ಹತ್ತಿ ಯುಗವಾಗಿತ್ತು. ನನ್ನ ಗಂಡ ಆಗಲೇ ಮೂಲೆಯಲ್ಲಿ ನಿಂತಿದ್ದರು. ಮೂಗು ಕೆಂಪಗಿತ್ತು, ಮುಖದಲ್ಲಿ ಏನೋ ಒಂದು ಸಂತೋಷವಿತ್ತು.

"ನೋಡಿ!" ಎಂದು ಪ್ರತಿಮೆ ಅನಾವರಣ ಮಾಡುವ ಮಂತ್ರಿಯ ಗತ್ತಿನಲ್ಲಿ, ನೆಲದವರೆಗೆ ಇಳಿಬಿದ್ದಿದ್ದ ಬೆಡ್‌ಶೀಟು ಎಳೆದೆ.

ಎಲ್ಲರೂ ನೋಡಿದರು. ನಾನೂ ನೋಡಿದೆ.

ಹೂ! ಎಲ್ಲಿ ನೋಡಿದರೂ ಬಿಳೀ ಹೂ! ಸೊಂಟದೆತ್ತರ ಕಡ್ಡಿ, ಕಡ್ಡಿಯ ತುದಿಗೆಲ್ಲ ಪುಟ್ಟ ಪುಟ್ಟ ಬಿಳೀ ಹೂವಿನ ಛತ್ರಿ, ಅದರ ಮೇಲೆ ಜೇನುಹುಳಗಳ ಜಾತ್ರೆ. ಸೊಪ್ಪು ಅಂತ ಹೇಳಿಕೊಳ್ಳಲು ಬುಡದಲ್ಲಿ ದಾರದಂಥ ನಾಲ್ಕು ಎಳೆ. ಸೆಕೆಗೆ ಕೊತ್ತಂಬರಿ ಅವಸರ ಮಾಡಿಕೊಂಡು, ಎಲೆಯ ಸಹವಾಸವೇ ಬೇಡವೆಂದು ನೇರವಾಗಿ ಹೂವಿಗೆ ಹೋಗಿಬಿಟ್ಟಿತ್ತು.

"ಇದು... ಸಬ್ಬಸಿಗೆನಾ?" ಅಂದರು ಯಾರೋ ಹಿಂದಿನಿಂದ.

ಸೆಕ್ರೆಟರಿ ಕತ್ತರಿಯನ್ನು ಜೇಬಿಗೆ ಸೇರಿಸಿದರು. "ಏನ್ ಮೇಡಂ, ನಮ್ಮೆಲ್ಲರ ಕಿವಿ ಮೇಲೆ ಹೂ ಇಡೋಕೆ ಚೀಲ ತರೋಕೆ ಹೇಳಿದ್ರಾ?"

ನಗುವಿಗೆ ಟ್ಯಾಂಕಿನ ನೀರು ಅಲ್ಲಾಡಿರಬೇಕು. ನಾನು ಸೋಲುವವಳೇ? "ನಗಬೇಡಿ! ನಾನು ಮೀಟಿಂಗಲ್ಲಿ ಹೇಳಿದ್ದು ಕೊತ್ತಂಬರಿ ಅಂತ. ಬೀಜಕ್ಕೂ ಕೊತ್ತಂಬರಿ ಅಂತಾನೇ ಹೆಸರು. ಸ್ವಲ್ಪ ಕಾಯಿರಿ, ಬೀಜ ಕೊಡ್ತೀನಿ!" ಅಂದೆ. ಸೆಕ್ರೆಟರಿ ಮೊಬೈಲು ತೆಗೆದು ನನ್ನ ಸಂದೇಶವನ್ನೇ ಗಟ್ಟಿಯಾಗಿ ಓದಿದರು. "ಸೊಪ್ಪು. ಒಂದಲ್ಲ. ಎರಡೆರಡು ಕಟ್ಟು."

ಉಳಿದ ಕೋಪವನ್ನೆಲ್ಲ ಒಟ್ಟು ಮಾಡಿಕೊಂಡು ಗಂಡನ ಕಡೆ ತಿರುಗಿದೆ.

"ರೀ! ಇಷ್ಟೆಲ್ಲಾ ಆಗ್ತಿದ್ರೂ ನನಗೊಂದು ಮಾತು ಹೇಳ್ಬಾರದಾ?"

"ಹೇಳಿದೆ."

"ಯಾವಾಗ?"

"ದಿನಾ."

"ಏನಂತ ಹೇಳಿದ್ರಿ?"

"ಹೂ."

"ಹೂಂ ಅಂತ ಈಗಲೂ ತಲೆ ಆಡಿಸ್ಬೇಡಿ! ಏನು ಹೇಳಿದ್ರಿ ಅಂತ ಕೇಳ್ತಿದ್ದೀನಿ!"

ಅವರು ಬಾಗಿ ಒಂದು ಹೂವಿನ ಕಡ್ಡಿ ಮುರಿದು ನನ್ನ ಮುಖದ ಮುಂದೆ ಹಿಡಿದು, ನಿಧಾನವಾಗಿ, ಕಿವುಡರಿಗೆ ಹೇಳುವ ಹಾಗೆ ಹೇಳಿದರು: "ಹೂ."

ನನ್ನ ಕಾಲ ಕೆಳಗಿನ ಸಿಮೆಂಟು ಸರಿಯಿತು. ಹೂ! ಬಂದಿದೆ. ಗಿಡದ ತುಂಬಾ. ಬಿಡ್ತಾನೇ ಇದೆ. ಬಿಳೀ! ಅಯ್ಯೋ ನನ್ನ ಕರ್ಮವೇ, ಮನುಷ್ಯ ದಿನದಿನವೂ ಸರಿಯಾದ ವರದಿಯನ್ನೇ ಒಪ್ಪಿಸಿದ್ದಾನೆ! ಅವರು ಬಿಡದ ಸೊನ್ನೆಯನ್ನು ನಾನು ಬಿಟ್ಟಿಯಾಗಿ ಸೇರಿಸಿಕೊಂಡೆ, ಈಗ ಕೈಗೆ ಬಂದದ್ದೂ ಸೊನ್ನೆಯೇ.

"ಹೂ ಬಂದ್ರೆ ಸೊಪ್ಪು ಹೋಗುತ್ತೆ ಅಂತ ಬಿಡಿಸಿ ಹೇಳ್ಬಾರದಿತ್ತಾ?" ಅಂದೆ, ಸ್ವರ ಇಳಿಸಿ.

"ನಂಗೇನು ಗೊತ್ತು. ನೀನು ಖುಷಿಯಾಗಿ ಕೂಗ್ದೆ. ಒಳ್ಳೇದು ಅಂದ್ಕೊಂಡೆ."

"ನನಗೆ ಕೇಳಿಸಿದ್ದೇ ಬೇರೆ ಕಣ್ರೀ!"

"ಹೇಳಿದ್ದು ಸರಿಯಾಗಿತ್ತು," ಅಂದರು ಅವರು. "ನೀನು ಕೇಳ್ಲಿಲ್ಲ."

ಅಷ್ಟು ಜನರ ಎದುರಿಗೆ, ಆಫೀಸಿಗೇ ಕಿವಿ ಚುರುಕಿನವಳೆಂದು ಹೆಸರಾದ ನನಗೆ! ಚೀಲದವರು ಒಬ್ಬೊಬ್ಬರಾಗಿ ಚೀಲ ಮಡಚತೊಡಗಿದರು. ಒಬ್ಬಾಕೆ "ಗಾಡಿಯವಳೂ ತಂದಿಲ್ಲ, ಈಗ ಸಾರಿಗೇನು ಹಾಕೋದು?" ಅಂತ ಗೊಣಗಿದಳು. ಸೆಕ್ರೆಟರಿ ಮೂಲೆಗೆ ಟೇಪು ಹಿಡಿದರು. "ಬಾಗಿಲುಗಳನ್ನ ಕೆಳಗೆ ಗೋಡೆಗೆ ಒರಗಿಸಿಟ್ಟಿದೆ ಮೇಡಂ. ನೀವೇ ಹೊರ್ತೀನಿ ಅಂದಿದ್ರಿ."

ಅಂದಿದ್ದೆ. ತಲೆ ಮೇಲೆ ಅಂತಲೂ ಅಂದಿದ್ದೆ. ಆ ಮೂಲೆಯನ್ನು ಒಮ್ಮೆ ಕಣ್ತುಂಬ ನೋಡಿಕೊಂಡೆ. ಟ್ಯಾಂಕಿನ ನೆರಳು, ಆಚೆ ಊರು, ಗಾಳಿಗೆ ತಲೆದೂಗುವ ಬಿಳೀ ಹೂ. ಇನ್ನು ಸಂಜೆಯಾದರೆ ಮತ್ತೆ ಗ್ಯಾಸ್ ಒಲೆ, ಮತ್ತೆ ಟಿಕ್ ಟಿಕ್. ಅಳು ಬಂದರೆ ಇವರೆದುರು ಬರಬಾರದು ಅಂತ ಮೆಟ್ಟಿಲ ಕಡೆ ಹೊರಟೆ.

"ಅಬ್ಬಾ!" ಅಂತ ಒಂದು ಉಸಿರು ಕೇಳಿಸಿತು. ತಿರುಗಿ ನೋಡಿದರೆ ಸೆಕ್ರೆಟರಿಯ ಹೆಂಡತಿ ಹೂಗಳ ನಡುವೆ ಆರಾಮಾಗಿ ಕೂತುಬಿಟ್ಟಿದ್ದಾರೆ! ಕೂತಿರುವುದಾದರೂ ಏತರ ಮೇಲೆ? ಇಟ್ಟಿಗೆ ಪೇರಿಸಿ, ಅದರ ಮೇಲೆ ಹಳೆಯ ಬಾಗಿಲೊಂದನ್ನು ಮಲಗಿಸಿ, ಅಲ್ಲಾಡದಂತೆ ಮಾಡಿದ ಬೆಂಚು. ನಾನು ಊರು ಬಿಡುವಾಗ ಅದು ಇರಲಿಲ್ಲ.

"ಇದನ್ನ ಮಾಡಿದ್ದು ಯಾರಪ್ಪಾ?" ಅಂತ ಆಕೆ ಕೇಳಿದರು.

ನನ್ನ ಗಂಡ ಶಾಲೆಯ ಹುಡುಗನ ಹಾಗೆ ಮೆಲ್ಲಗೆ ಕೈ ಎತ್ತಿದರು.

"ಸಂಜೆ ಹೊತ್ತು ಇಲ್ಲೇ ಕೂತ್ಕೋತಿದ್ಯಾ?"

"ದಿನಾ," ಅಂದರು. ನನ್ನ ಕಡೆ ಕಳ್ಳನೋಟ ಬೀರಿ, "ಕೆಲ್ಸ ಮುಗಿಸಿ" ಅಂತ ಸೇರಿಸಿದರು.

"ಎಷ್ಟು ಹಾಯಾಗಿದೆ! ಗಾಳಿ, ಹೂ, ಜೇನುಹುಳ, ಒಬ್ಬರದೂ ಗಲಾಟೆ ಇಲ್ಲ. ರೀ, ಇಲ್ಲಿ ನಿಮ್ಮ ಬಾಗಿಲೂ ಬೇಡ ಕಿಟಕಿಯೂ ಬೇಡ. ಇದು ಹೀಗೇ ಇರ್ಲಿ."

"ಅಲ್ಲ ಕಣೇ, ಮೀಟಿಂಗಿನ ತೀರ್ಮಾನ ಅಂತ ಒಂದಿದೆಯಲ್ಲ... ಅಳತೆ ಆಗಿ..."

"ರೀ."

"ಹೂಂ," ಅಂದರು ಸೆಕ್ರೆಟರಿ. ಅದರಲ್ಲಿ ಸೊನ್ನೆ ಗುಂಡಗೆ, ಸ್ಪಷ್ಟವಾಗಿ, ಪೂರ್ತಿ ಸುತ್ತಳತೆಯೊಂದಿಗೆ ಇತ್ತು. ಟೇಪು ತಾನಾಗಿಯೇ ಸರ್ರನೆ ಒಳಗೆ ಹೋಯಿತು.

ನಾನು ಕುಣಿದುಬಿಡುವುದರಲ್ಲಿದ್ದೆ. ಮೂಲೆ ಉಳಿಯಿತು! ನನ್ನ ಮೂಲೆ! "ತುಂಬಾ ಥ್ಯಾಂಕ್ಸ್ ಅಮ್ಮಾ, ನಾನು ಇಲ್ಲಿ..." ಎಂದು ಶುರು ಮಾಡಿದವಳನ್ನು ಆಕೆ ಕೈ ಎತ್ತಿ ತಡೆದರು.

"ನೀನಲ್ಲಮ್ಮ. ನೀನು ಮಾತು ತಪ್ಪಿದೋಳು. ಬೆಂಚು ಮಾಡಿ, ಹೂ ಸಾಕಿದ್ದು ನಿನ್ ಗಂಡ. ಇವತ್ತಿಂದ ಈ ಮೂಲೆ ಅವನ ಹೆಸರಿಗೆ."

ಎಲ್ಲರೂ ಖಾಲಿ ಚೀಲ ಬಡಿದು ಚಪ್ಪಾಳೆ ಹೊಡೆದರು. ತೀರ್ಮಾನ ಬರೆದುಕೊಳ್ಳಲು ಒಬ್ಬರು ಬೇಕಿತ್ತು. ಅಲ್ಲಿ ಸ್ಟೆನೋ ಅಂತ ಇದ್ದವಳು ನಾನೊಬ್ಬಳೇ! ನನ್ನ ಮೂಲೆ ನನ್ನ ಗಂಡನಿಗೆ ಹೋದದ್ದನ್ನು ಒಂದಕ್ಷರ ಬಿಡದೆ ನಾನೇ ಬರೆದುಕೊಟ್ಟೆ. ಸೊನ್ನೆಗಳನ್ನೆಲ್ಲ ಎರಡೆರಡು ಸಲ ನೋಡಿದೆ.

ಅಂದು ಸಂಜೆ ಪಾತ್ರೆ ತೊಳೆದು, ಕೈ ಒರೆಸಿಕೊಂಡು ಟೆರೇಸಿನ ಬಾಗಿಲವರೆಗೆ ಹೋದೆ. ಯಜಮಾನರು ತಮ್ಮ ಸ್ವಂತ ಮೂಲೆಯಲ್ಲಿ, ಸ್ವಂತ ಬೆಂಚಿನ ಮೇಲೆ, ಜೇನುಹುಳ ನೋಡುತ್ತ ಕೂತಿದ್ದರು. ಹೊಸಿಲಲ್ಲೇ ನಿಂತೆ. ಅಪ್ಪಣೆ ಇಲ್ಲದೆ ಒಳಗೆ ಹೋಗುವಂತಿಲ್ಲವಲ್ಲ.

"ರೀ," ಅಂದೆ, ನನಗೇ ಗುರುತು ಸಿಗದಷ್ಟು ಸಣ್ಣ ದನಿಯಲ್ಲಿ. "ನಾನೂ ಒಂದ್ ಸ್ವಲ್ಪ ಹೊತ್ತು ಬಂದು ಕೂತ್ಕೊಳ್ಳಲಾ?"

ಅವರು ಬೆಂಚಿನ ಮೇಲೆ ಪಕ್ಕಕ್ಕೆ ಸರಿದರು. ಗಂಟಲು ಸರಿಮಾಡಿಕೊಂಡರು. ನಾನು ಎರಡೂ ಕಿವಿ ನೆಟ್ಟಗೆ ಮಾಡಿ ನಿಂತೆ. ನಮ್ಮ ಸಂಸಾರದಲ್ಲೇ ಅತ್ಯಂತ ಉದ್ದದ ಮಾತು ಆಗ ಅವರ ಬಾಯಿಂದ ಹೊರಟಿತು.

"ಬಾ. ಸಿಮೆಂಟಿನ್ನೂ ಸುಡ್ತಿದೆ, ಚಪ್ಪಲಿ ಹಾಕ್ಕೊಂಡೇ ಬಾ. ಮಾತು ಮಾತ್ರ ಬಾಗಿಲ ಹತ್ರ ಬಿಟ್ಟು ಬಾ."